ಮಗಳ ಅಂಕಪಟ್ಟಿ ಕಾಲೇಜಿನ ಬೀರುವಿನಲ್ಲಿ, ಸೇನೆಯ ಅರ್ಜಿಗೆ ಹದಿನೈದೇ ದಿನ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಉದ್ಯೋಗ ಪುಟದಲ್ಲಿ ಅಗ್ನಿವೀರರ ನೇಮಕಾತಿ ಬಗ್ಗೆ ಅರ್ಧ ಪುಟ ಬಂದಿತ್ತು. ಎಷ್ಟು ದೂರ ಓಡಬೇಕು, ಎದೆ ಎಷ್ಟು ಉಬ್ಬಬೇಕು, ಯಾವ ದಾಖಲೆ ತರಬೇಕು, ಎಲ್ಲ ಇತ್ತು. ಒಳ್ಳೇದೇ ಆಯಿತು. ನಮ್ಮ ರಾಣೆಬೆನ್ನೂರು ಕಡೆ ಮೊದಲ ಬಸ್ ಬಿಡುವ ಹೊತ್ತಿಗೇ ಹುಡುಗರು ರಸ್ತೆ ಬದಿ ಓಡುತ್ತಿರುತ್ತಾರೆ. ಅವರಿಗೆ ಇಂಥ ಮಾಹಿತಿ ಬೇಕು. ಆದರೆ ಅದೇ ಸೇನೆಗೆ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಅಧಿಕಾರಿಗಳಾಗಿ ಸೇರುವ ದಾರಿ ಒಂದಿದೆ. ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಿಮ್ಮಲ್ಲಿ ಮಾತ್ರ ಅಲ್ಲ, ಎಲ್ಲೂ ಇರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕಲೇಬೇಕಾದರೆ ನನ್ನ ಮನೆ ಕಥೆಗೆ ಹಾಕಿ, ದಿನಾಂಕ ಮತ್ತು ನಿಯಮಗಳನ್ನು ಮಾತ್ರ ಉಳಿಸಿ.

ನಾನು ಬಸ್ ಕಂಡಕ್ಟರ್. ವಾಯವ್ಯ ಸಾರಿಗೆಯಲ್ಲಿ ಬಹಳ ವರ್ಷದಿಂದ ಇದ್ದೇನೆ. ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ ಈ ರಸ್ತೆಯಲ್ಲಿ ಬೆಳಿಗ್ಗೆ ಓಡಾಡುವವರಿಗೆ ಗೊತ್ತು, ಬಸ್ಸಿನಲ್ಲಿ ಅರ್ಧಕ್ಕರ್ಧ ನರ್ಸಿಂಗ್ ಓದುವ ಹುಡುಗಿಯರೇ. ಬಿಳಿ ಕೋಟು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೊದಲು ಪಾಸ್ ತೋರಿಸುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಳ್ಳುತ್ತಾರೆ. ಅವರ ಮಾತೆಲ್ಲ ನನ್ನ ಕಿವಿ ಮೇಲೆ ಬೀಳುತ್ತದೆ. ಪ್ರೊಸೀಜರ್ ಬುಕ್ಕಿಗೆ ಮೇಡಂ ಸಹಿ ಹಾಕಲಿಲ್ಲ, ಹೆರಿಗೆ ವಾರ್ಡಿನಲ್ಲಿ ಇನ್ನೂ ಇಷ್ಟು ಕೇಸ್ ಆಗಬೇಕು, ಹಾಸ್ಟೆಲ್ ಸಾರಿನಲ್ಲಿ ಬೇಳೆ ಹುಡುಕಬೇಕು. ನನ್ನ ಮಗಳೂ ಅದೇ ಬಸ್ಸಿನಲ್ಲಿ ಹಾಗೇ ಹೋಗಿ ಬಂದು ಬಿ.ಎಸ್ಸಿ ನರ್ಸಿಂಗ್ ಮುಗಿಸಿದಳು.

ಕೋರ್ಸ್ ಮುಗಿಯುವ ಹೊತ್ತಿಗೆ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು, ‘ಅಪ್ಪಾ, ನಾನು ಮಿಲಿಟರಿ ನರ್ಸಿಂಗಿಗೆ ಅರ್ಜಿ ಹಾಕ್ತೀನಿ.’

ನಿಜ ಹೇಳಬೇಕೆಂದರೆ ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವಳಿಗಾದರೂ ಕಾಲೇಜಿನ ಪಾಠದಿಂದ ಗೊತ್ತಾದದ್ದಲ್ಲ. ಕೇರಳದಿಂದ ಬಂದು ಓದುತ್ತಿದ್ದ ಸಹಪಾಠಿಯೊಬ್ಬಳಿಂದ ಗೊತ್ತಾದದ್ದು. ಆ ಹುಡುಗಿಯ ಚಿಕ್ಕಮ್ಮ ಸೇನಾ ಆಸ್ಪತ್ರೆಯಲ್ಲಿ ಮೇಜರ್ ಅಂತೆ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಮಕ್ಕಳು ಎಷ್ಟು ಜನ ಇದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅವರ ಮನೆಗಳಲ್ಲಿ ಅತ್ತೆಯೋ ದೊಡ್ಡಮ್ಮನೋ ಪಕ್ಕದ ಮನೆಯವರೋ ಒಬ್ಬರಾದರೂ ಈ ಕೆಲಸದಲ್ಲಿ ಇರುತ್ತಾರೆ. ಹಾಗಾಗಿ ಯಾವಾಗ ಅರ್ಜಿ ಕರೆಯುತ್ತಾರೆ, ಏನು ಕೇಳುತ್ತಾರೆ ಎಂದು ಅವರಿಗೆ ಮೊದಲ ವರ್ಷದಲ್ಲೇ ಗೊತ್ತಿರುತ್ತದೆ. ಬ್ಯಾಡಗಿಯಿಂದಲೋ ಹಿರೇಕೆರೂರಿನಿಂದಲೋ ಬಂದ ಹುಡುಗಿಗೆ ಯಾರು ಹೇಳಬೇಕು? ಅವಳ ಅಪ್ಪ ಹತ್ತಿ ಬೆಳೆಯುತ್ತಾನೆ, ಇಲ್ಲವೇ ನನ್ನ ಹಾಗೆ ಟಿಕೆಟ್ ಹರಿಯುತ್ತಾನೆ.

ಹಾಗಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ಮಗಳ ನೋಟ್‌ಬುಕ್ಕಿನಿಂದ, ಅಧಿಸೂಚನೆಯ ಪ್ರಿಂಟ್‌ನಿಂದ, ಟ್ರಿಪ್ಪಿನ ನಡುವೆ ಚಹಾ ಕುಡಿಯುವ ಹೊತ್ತಿನಲ್ಲಿ ಓದಿಕೊಂಡದ್ದು.

ಮಿಲಿಟರಿ ನರ್ಸಿಂಗ್ ಸರ್ವಿಸ್ ಎಂದು ಇದರ ಹೆಸರು. ಎಂಎನ್‌ಎಸ್ ಎನ್ನುತ್ತಾರೆ. ಬಹಳ ಹಳೆಯದು. 1888ರ ಮಾರ್ಚ್‌ನಲ್ಲಿ ಹತ್ತು ಮಂದಿ ಬ್ರಿಟಿಷ್ ನರ್ಸ್‌ಗಳು ಬೊಂಬಾಯಿಗೆ ಬಂದಿಳಿದರು. ಇಲ್ಲಿನ ಸೇನಾ ಆಸ್ಪತ್ರೆಗಳಲ್ಲಿ ಶುಶ್ರೂಷೆಯ ಕೆಲಸಕ್ಕೆ ಒಂದು ವ್ಯವಸ್ಥೆ ಮಾಡುವುದಕ್ಕೆ ಅವರನ್ನು ಕರೆಸಿದ್ದು. 1926ರಲ್ಲಿ ಭಾರತದ್ದೇ ಆದ ಸೇನಾ ನರ್ಸಿಂಗ್ ಸೇವೆ ಬಂತು. 1943ರ ಸುಗ್ರೀವಾಜ್ಞೆಯಿಂದ ಈ ನರ್ಸ್‌ಗಳು ಕಮಿಷನ್ ಪಡೆದ ಅಧಿಕಾರಿಗಳಾದರು. ಅಂದರೆ ಸೇರಿದ ದಿನವೇ ಲೆಫ್ಟಿನೆಂಟ್, ಹೆಗಲ ಮೇಲೆ ಎರಡು ನಕ್ಷತ್ರ. ಮೇಲೇರುತ್ತಾ ಹೋದರೆ ಮೇಜರ್ ಜನರಲ್ ತನಕ ಹುದ್ದೆ ಇದೆ. 1976ರಲ್ಲಿ ನಮ್ಮ ಸೇನೆಯ ಮೊದಲ ಮಹಿಳಾ ಮೇಜರ್ ಜನರಲ್ ಆದ ಜಿ. ಅಲಿ ರಾಮ್ ಇದೇ ನರ್ಸಿಂಗ್ ಸೇವೆಯವರು. ಇದನ್ನು ನಾನು ಡಿಪೋದಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ‘ನರ್ಸ್ ಎಲ್ಲಾದ್ರೂ ಜನರಲ್ ಆಗ್ತಾಳೇನೋ’ ಎಂದು ನಕ್ಕರು.

ನಮ್ಮೂರಿನಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿ ತರಬೇತಿ ಆದವರು. ಅವರೊಬ್ಬರೇ ನಗಲಿಲ್ಲ. ‘ಕಾಲು ಮುರ್ಕೊಂಡು ಮಿಲಿಟರಿ ಆಸ್ಪತ್ರೇಲಿ ಮಲಗಿದ್ದೆನಪ್ಪಾ. ನರ್ಸ್ ಮೇಡಂ ವಾರ್ಡಿಗೆ ಬಂದ್ರೆ ಮಲಗಿದ್ದಲ್ಲೇ ಮೈ ನೆಟ್ಟಗಾಗ್ತಿತ್ತು. ಅವರು ಕ್ಯಾಪ್ಟನ್, ನಾನು ಹವಾಲ್ದಾರ್. ಮಾತ್ರೆ ನುಂಗೋದಿಲ್ಲ ಅನ್ನೋಕೆ ಆಗತ್ತೇನು?’ ಎಂದರು.

ಸೇರುವುದಕ್ಕೆ ಎರಡು ದಾರಿ ಇವೆ. ಮೊದಲನೆಯದು ಪಿಯುಸಿ ಆದ ತಕ್ಷಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು, ನೀಟ್ ಬರೆದಿರಬೇಕು. ಸೇನೆಯ ನರ್ಸಿಂಗ್ ಕಾಲೇಜುಗಳು ಆರು ಇವೆ. ಪುಣೆ, ಮುಂಬೈ, ಕೋಲ್ಕತ್ತ, ಲಖನೌ, ದೆಹಲಿ, ಆರನೆಯದು ನಮ್ಮ ಬೆಂಗಳೂರು. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆಯಲ್ಲ, ಅಲ್ಲೇ. ಆರೂ ಕಾಲೇಜು ಸೇರಿ 220 ಸೀಟು, ಅದರಲ್ಲಿ ಬೆಂಗಳೂರಿನದು 40. ನಾಲ್ಕು ವರ್ಷ ಓದು, ಖರ್ಚು ಸೇನೆಯದ್ದೇ. ಮುಗಿಸಿದ ಮೇಲೆ ಸೇನೆಯಲ್ಲಿ ಕೆಲಸ ಮಾಡುತ್ತೇನೆ ಎಂದು ಬಾಂಡ್ ಬರೆದುಕೊಡಬೇಕು. ಆ ಬಾಂಡ್ ಬಗ್ಗೆ ನನಗೇನೂ ತಕರಾರಿಲ್ಲ. ಓದಿಸಿದವರು ಕೆಲಸವನ್ನೂ ಕೊಟ್ಟು, ಲೆಫ್ಟಿನೆಂಟ್ ಮಾಡಿ, ಆಮೇಲೆ ದುಡಿಸಿಕೊಂಡರೆ ನ್ಯಾಯವೇ. ಬೇರೆ ಥರದ ಬಾಂಡ್ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ದಾರಿ ಹೊರಗಿನ ಕಾಲೇಜಿನಲ್ಲಿ ಬಿ.ಎಸ್ಸಿ, ಪೋಸ್ಟ್ ಬೇಸಿಕ್ ಬಿ.ಎಸ್ಸಿ (ಡಿಪ್ಲೊಮಾ ಆದವರು ಆಮೇಲೆ ಮಾಡುವ ಪದವಿ) ಅಥವಾ ಎಂ.ಎಸ್ಸಿ ನರ್ಸಿಂಗ್ ಮುಗಿಸಿದವರಿಗೆ. ಶಾರ್ಟ್ ಸರ್ವಿಸ್ ಕಮಿಷನ್ ಎನ್ನುತ್ತಾರೆ. ವಯಸ್ಸು 21ರಿಂದ 35. ಕಾಲೇಜಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇರಬೇಕು, ಹುಡುಗಿ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಮತ್ತು ಸೂಲಗಿತ್ತಿ ಎಂದು ನೋಂದಣಿ ಆಗಿರಬೇಕು. ಮೊದಲು ಐದು ವರ್ಷದ ಸೇವೆ, ವಿಸ್ತರಿಸಿದರೆ ಒಟ್ಟು 14 ವರ್ಷದವರೆಗೆ. ನಾನು ಸಾರಿಗೆ ನಿಗಮದ ನೌಕರ, ಕೇಳಿದ ಮೊದಲ ಪ್ರಶ್ನೆಯೇ ಪಿಂಚಣಿ. ‘ಅಧಿಕಾರಿಗೆ ಪಿಂಚಣಿ ಬೇಕಂದ್ರೆ 20 ವರ್ಷ ಆಗಬೇಕು ಅಪ್ಪಾ’ ಎಂದಳು ಮಗಳು. ಅದು ಒಂದು ಕೊರತೆ, ಮುಚ್ಚಿಡುವುದೇಕೆ. ಆದರೆ ಇವತ್ತು ಅವಳು ದಾವಣಗೆರೆಯ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ತಿಂಗಳಿಗೆ ಹದಿನಾಲ್ಕು ಸಾವಿರ ತರುತ್ತಾಳೆ. ಸೇನೆಯ ಲೆಫ್ಟಿನೆಂಟ್ ನರ್ಸ್‌ಗೆ ಮೂಲ ವೇತನವೇ 56,100 ರೂಪಾಯಿಯಿಂದ ಶುರು. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ ಎಂದು 10,800. ತುಟ್ಟಿಭತ್ಯೆ ಬೇರೆ. ಪಿಂಚಣಿ ಇಲ್ಲದ ಖಾಸಗಿ ಆಸ್ಪತ್ರೆಯ ಹದಿನಾಲ್ಕು ಸಾವಿರಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ!

ದುಡ್ಡಿಗಿಂತ ಜಾಸ್ತಿ ತಲೆ ತಿಂದದ್ದು ಮದುವೆ ಮಾತು. ನನ್ನ ಅಕ್ಕ ಹಾನಗಲ್ಲಿನಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು. ‘ತಮ್ಮಾ, ಹುಡುಗೀನ ಮಿಲ್ಟ್ರಿಗೆ ಕಳಸ್ತೀಯೇನು? ಅಲ್ಲಿ ಹೋದ್ರೆ ಲಗ್ನ ಆಗಾಕ ಬಿಡಂಗಿಲ್ಲಂತ.’ ಅಕ್ಕನ ಮಗ ಮದುವೆ ವಯಸ್ಸಿಗೆ ಬಂದಿದ್ದಾನೆ, ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಅರ್ಥವಾಗುತ್ತದೆ. ಆದರೆ ಅವಳ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಒಂದು ಕಾಲದಲ್ಲಿ ಹಾಗೇ ಇತ್ತು. 1977ರ ಸೇನಾ ಆದೇಶವೊಂದರ ಪ್ರಕಾರ ಮದುವೆಯಾದ ನರ್ಸ್ ಅಧಿಕಾರಿಯನ್ನು ಸೇವೆಯಿಂದ ತೆಗೆದುಹಾಕಬಹುದಿತ್ತು. ಲೆಫ್ಟಿನೆಂಟ್ ಸೆಲಿನಾ ಜಾನ್ ಎಂಬವರನ್ನು 1988ರಲ್ಲಿ ಹಾಗೆ ತೆಗೆದರು. ಆ ಆದೇಶವನ್ನು 1995ರಲ್ಲಿ ವಾಪಸ್ ಪಡೆದರು. ಆದರೆ ಅವರ ಕೇಸ್ ನಡೆಯುತ್ತಲೇ ಇತ್ತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮದುವೆಯಾದಳು ಎಂಬ ಕಾರಣಕ್ಕೆ ಹೆಣ್ಣುಮಗಳನ್ನು ಕೆಲಸದಿಂದ ತೆಗೆಯುವುದು ತಾರತಮ್ಯ, 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಅಕ್ಕನಿಗೆ ಓದಿ ಹೇಳಿದೆ. ‘ಅರವತ್ತು ಲಕ್ಷಾನೋ?’ ಎಂದು ಕೇಳಿ ಸುಮ್ಮನಾದಳು. ಪಿಯುಸಿ ಆದ ಮೇಲಿನ ನಾಲ್ಕು ವರ್ಷದ ಕೋರ್ಸಿಗೆ ಸೇರುವವರು ಮಾತ್ರ ಈಗಲೂ ಮದುವೆಯಾಗಿರಬಾರದು. ಸೇರಿದವರಿಗೆಲ್ಲ ಜೀವಮಾನ ಪೂರ್ತಿ ಮದುವೆ ಇಲ್ಲ ಎನ್ನುವುದು ಹಳೇ ಕಾಲದ ಮಾತು. ಅಕ್ಕನಂಥವರು ಪ್ರತಿ ಮನೆಯಲ್ಲೂ ಇದ್ದಾರೆ, ಅದಕ್ಕೇ ಇಷ್ಟು ಬರೆದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮಗಳು ಕಾದಿದ್ದ ಶಾರ್ಟ್ ಸರ್ವಿಸ್ ಅರ್ಜಿ 2023ರ ಡಿಸೆಂಬರ್ 11ಕ್ಕೆ ಶುರುವಾಗಿ ಡಿಸೆಂಬರ್ 26ಕ್ಕೆ ಮುಗಿಯಿತು. ಹದಿನೈದು ದಿನ. ಶುಲ್ಕ 900 ರೂಪಾಯಿ. ಪರೀಕ್ಷೆ 2024ರ ಜನವರಿ 14ಕ್ಕೆ, ಕಂಪ್ಯೂಟರ್ ಮೇಲೆ. ನಡೆಸಿದ್ದು ಎನ್‌ಟಿಎ, ಅಂದರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. 2024ರ ನೀಟ್ ಗಲಾಟೆಯಿಂದ ಮನೆಮನೆಗೂ ಹೆಸರು ಗೊತ್ತಾಗಿದೆಯಲ್ಲ, ಅದೇ ಸಂಸ್ಥೆ. ನರ್ಸಿಂಗ್ ವಿಷಯ, ಇಂಗ್ಲಿಷ್, ಸಾಮಾನ್ಯ ಬುದ್ಧಿಮತ್ತೆ, ಈ ಮೂರರ ಮೇಲೆ ಪ್ರಶ್ನೆ. ಪಾಸಾದವರಿಗೆ ಸಂದರ್ಶನ, ಆಮೇಲೆ ವೈದ್ಯಕೀಯ ಪರೀಕ್ಷೆ.

ಮಗಳಿಗೆ ಅಷ್ಟರಲ್ಲಿ ಫಲಿತಾಂಶ ಬಂದಿತ್ತು, ಒಳ್ಳೆಯ ಅಂಕವೇ ಬಂದಿತ್ತು. ವಯಸ್ಸು ಸರಿ ಇತ್ತು. 900 ರೂಪಾಯಿಗೆ ನಮ್ಮಲ್ಲಿ ಅಂಥ ಬರವೇನೂ ಇರಲಿಲ್ಲ. ಇಲ್ಲದೇ ಇದ್ದದ್ದು ಒಂದೇ, ಪರಿಷತ್ತಿನ ನೋಂದಣಿ. ನೋಂದಣಿಗೆ ಮೂಲ ಅಂಕಪಟ್ಟಿ ಬೇಕು, ಕೋರ್ಸ್ ಮುಗಿಸಿದ ಪತ್ರ ಬೇಕು. ಅಂಕಪಟ್ಟಿ ಎಲ್ಲಿದೆ? ಕಾಲೇಜಿನ ಬೀರುವಿನಲ್ಲಿ. ಎಸ್ಸೆಸ್ಸೆಲ್ಸಿಯದು, ಪಿಯುಸಿಯದು, ನಾಲ್ಕೂ ವರ್ಷದ್ದು, ವರ್ಗಾವಣೆ ಪತ್ರ, ಎಲ್ಲ ಒಂದು ಹಸಿರು ಫೈಲಿನಲ್ಲಿ ದಾರ ಕಟ್ಟಿ ಇಟ್ಟಿದ್ದಾರೆ. ಮೇಲೆ ಮಗಳ ಹೆಸರು, ರೋಲ್ ನಂಬರ್ ಸ್ಕೆಚ್ ಪೆನ್ನಿನಲ್ಲಿ ಬರೆದಿದೆ. ನಾನು ಆ ಫೈಲನ್ನು ಕಣ್ಣಾರೆ ನೋಡಿದ್ದೇನೆ. ಗುಮಾಸ್ತರು ಅದನ್ನು ತೆಗೆದು ಮೇಜಿನ ಮೇಲೆ ಇಟ್ಟರು, ಬಾಕಿ ಪುಸ್ತಕದಲ್ಲಿ ಹೆಸರು ಹುಡುಕಿದರು, ಬಾಕಿ ಏನೂ ಇರಲಿಲ್ಲ, ರಸೀದಿ ಎಲ್ಲ ನನ್ನ ಹತ್ತಿರ ಇದ್ದವು. ಆಮೇಲೆ ಫೈಲನ್ನು ಮತ್ತೆ ಒಳಗಿಟ್ಟು ಬೀಗ ಹಾಕಿದರು.

‘ಬಾಂಡ್ ಇದೆಯಲ್ರೀ’ ಎಂದರು.

ಇದು ನಾನು ಆಗ ಹೇಳಿದ ಬೇರೆ ಥರದ ಬಾಂಡ್. ಸೇರುವಾಗ ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಎಲ್ಲ ಪೋಷಕರೂ ಸಹಿ ಮಾಡಬೇಕು, ಮಾಡದಿದ್ದರೆ ಸೀಟಿಲ್ಲ. ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಆ ಆಡಳಿತ ಮಂಡಳಿಯ ಆಸ್ಪತ್ರೆಯಲ್ಲೇ ಕೆಲಸ ಮಾಡಬೇಕು, ಆಮೇಲೆ ಮೂಲ ದಾಖಲೆ ವಾಪಸ್. ಈಗಲೇ ಬೇಕಾದರೆ ದುಡ್ಡು ಕಟ್ಟಬೇಕು. ಓದಿಗೆ ಶುಲ್ಕವನ್ನೂ ನಾವೇ ಕಟ್ಟಿ, ಆಮೇಲೆ ದುಡಿಮೆಯನ್ನೂ ಕೊಡಬೇಕು. ಸೇನೆಯ ಬಾಂಡಿನಲ್ಲಿ ಓದು ಅವರದು, ಕೆಲಸ ನಮ್ಮದು. ಇಲ್ಲಿ ಎರಡೂ ನಮ್ಮದೇ.

ಮೂಲ ದಾಖಲೆ ಕಾಲೇಜಿನವರು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಸೇರುವಾಗ ಮೂಲ ಪ್ರತಿ ನೋಡಿ, ಜೆರಾಕ್ಸ್ ಇಟ್ಟುಕೊಂಡು, ಅಲ್ಲೇ ವಾಪಸ್ ಕೊಡಬೇಕು. ಆ ಅಧಿಸೂಚನೆಯ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ. ‘ಅದು ಯುನಿವರ್ಸಿಟಿಗಳಿಗೆ ರೀ, ನಮಗಲ್ಲ’ ಎಂದರು. ಕಾಲೇಜುಗಳಿಗೂ ಎಂದು ಅದರಲ್ಲೇ ಬರೆದಿದೆ ಎಂದೆ. ‘ಪ್ರಿನ್ಸಿಪಾಲರು ಇಲ್ಲ, ಅವರು ಬಂದ ಮೇಲೆ ಮಾತಾಡಿ’ ಎಂದರು. ಪ್ರಿನ್ಸಿಪಾಲರು ಸಿಕ್ಕಾಗ ‘ಅದು ಮ್ಯಾನೇಜ್‌ಮೆಂಟ್ ತೀರ್ಮಾನ’ ಎಂದರು. ಮ್ಯಾನೇಜ್‌ಮೆಂಟ್ ಯಾವತ್ತೂ ಸಿಗಲಿಲ್ಲ. ಎಷ್ಟು ಸಲ ಹೋಗಿ ಬಂದೆ ಎಂದು ಲೆಕ್ಕ ಇಟ್ಟಿಲ್ಲ. ವಾರದ ರಜೆ ಅದಲು ಬದಲು ಮಾಡಿಕೊಟ್ಟ ಸಹೋದ್ಯೋಗಿಗಳಿಗೆ ಗೊತ್ತು.

ಕ್ಯಾಲೆಂಡರ್ ತೆಗೆದು ನೋಡಿ. 2023ರ ಡಿಸೆಂಬರ್ 23 ನಾಲ್ಕನೇ ಶನಿವಾರ. 24 ಭಾನುವಾರ. 25 ಕ್ರಿಸ್‌ಮಸ್. 26 ಕೊನೆಯ ದಿನ. ಅಂದರೆ ಹದಿನೈದು ದಿನ ಎನ್ನುವುದು ಲೆಕ್ಕಕ್ಕೆ ಮಾತ್ರ. ಕಚೇರಿ ತೆರೆದಿರುವ ದಿನ ಹಿಡಿದರೆ ಅದಕ್ಕಿಂತ ಎಷ್ಟೋ ಕಡಿಮೆ. 22ನೇ ತಾರೀಖು ಶುಕ್ರವಾರ ಸಂಜೆಗೆ ನಮ್ಮ ಕಥೆ ಮುಗಿದಿತ್ತು. ದಾಖಲೆ ಸಿಕ್ಕಿದ್ದರೂ ಇನ್ನು ನೋಂದಣಿ ಆಗುವ ಹಾಗಿರಲಿಲ್ಲ.

ಅದೇ ತರಗತಿಯ ಕೇರಳದ ಹುಡುಗಿ ಅರ್ಜಿ ಹಾಕಿದಳು. ಅವಳಿಗೂ ಅದೇ ಬಾಂಡ್, ಅದೇ ಬೀರು. ಆದರೆ ಅವಳ ಅಮ್ಮ ಫಲಿತಾಂಶ ಬಂದ ವಾರವೇ ರೈಲು ಹತ್ತಿ ಬಂದು, ಕಾಲೇಜಿನ ಕಚೇರಿಯಲ್ಲಿ ಬೆಂಚಿನ ಮೇಲೆ ಕೂತು, ಊಟದ ಡಬ್ಬಿ ಅಲ್ಲೇ ಬಿಚ್ಚಿ, ದಾಖಲೆ ಕೈಗೆ ಬರುವ ತನಕ ಏಳಲಿಲ್ಲವಂತೆ. ಕನ್ನಡ ಒಂದಕ್ಷರ ಬರದ ಹೆಂಗಸು. ಡಿಸೆಂಬರಿನಲ್ಲಿ ಅರ್ಜಿ ಬರಬಹುದು ಎಂದು ಅವರಿಗೆ ಮೊದಲೇ ಅಂದಾಜಿತ್ತು, ಅಷ್ಟರೊಳಗೆ ನೋಂದಣಿ ಮುಗಿಸಿಕೊಂಡಿದ್ದರು. ನನಗೆ ಆ ತಾಯಿಯ ಮೇಲೆ ಗೌರವವೇ ಇದೆ. ಆದರೆ ಒಂದು ಸರ್ಕಾರಿ ಅರ್ಜಿ ಹಾಕುವುದಕ್ಕೆ ತಾಯಿ ಕಚೇರಿಯಲ್ಲಿ ಧರಣಿ ಕೂರಬೇಕು ಎಂದರೆ ಇದೆಂಥ ವ್ಯವಸ್ಥೆ?

ನಾವು ಕೊನೆಗೆ ದುಡ್ಡು ಕಟ್ಟಿಯೇ ದಾಖಲೆ ಬಿಡಿಸಿಕೊಂಡೆವು. ನೌಕರರ ಪತ್ತಿನ ಸಂಘದಲ್ಲಿ ಸಾಲ ತೆಗೆದೆ. ಅದಕ್ಕೆ ಕಾಲೇಜಿನವರು ಕೊಟ್ಟ ರಸೀದಿಯಲ್ಲಿ ‘ಅಭಿವೃದ್ಧಿ ನಿಧಿ’ ಎಂದು ಬರೆದಿದೆ. ಯಾರ ಅಭಿವೃದ್ಧಿ ಎಂದು ಕೇಳಬೇಕೆನಿಸಿತು, ಬಿಟ್ಟೆ. ಜನವರಿ 14, ಭೋಗಿಯ ದಿನ, ಬೇರೆಯವರು ಪರೀಕ್ಷೆ ಬರೆಯುವ ಹೊತ್ತಿನಲ್ಲಿ ಮಗಳು ಮನೆಯಲ್ಲಿ ಅವ್ವನ ಜೊತೆ ಸಜ್ಜೆ ರೊಟ್ಟಿ ತಟ್ಟುತ್ತಿದ್ದಳು. ಯಾರೂ ಆ ಮಾತೆತ್ತಲಿಲ್ಲ.

ಅವಳಿಗೆ ಇನ್ನೂ 23. ಮುಂದಿನ ಅಧಿಸೂಚನೆಗೆ ಕಾಯುತ್ತಿದ್ದಾಳೆ, ನೋಂದಣಿಯೂ ಆಗಿದೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮೊದಲು ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಜೋರಾಗಿ ಓದುತ್ತಾಳೆ. ಪರೀಕ್ಷೆಯ ಇಂಗ್ಲಿಷ್ ಅವಳಿಗೆ ಕಷ್ಟ ಇಲ್ಲ, ನಾಲ್ಕು ವರ್ಷ ಪರೀಕ್ಷೆ ಬರೆದದ್ದೇ ಇಂಗ್ಲಿಷಿನಲ್ಲಿ. ಸಂದರ್ಶನದಲ್ಲಿ ಸಮವಸ್ತ್ರದ ಅಧಿಕಾರಿಗಳ ಮುಂದೆ ಬಾಯಿ ಬಿಟ್ಟು ಮಾತಾಡುವುದಕ್ಕೆ ಅಂಜಿಕೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳೆಲ್ಲರ ಅಂಜಿಕೆ ಇದೇ. ಹುಡುಗರಿಗೆ ಓಟ ಕಲಿಸುವ, ಹಗ್ಗ ಹತ್ತಿಸುವ ತರಬೇತಿ ಕೇಂದ್ರಗಳು ನಮ್ಮ ಭಾಗದಲ್ಲಿ ಊರಿಗೊಂದು ಬೋರ್ಡ್ ಹಾಕಿಕೊಂಡಿವೆ. ಹೆಣ್ಣುಮಕ್ಕಳಿಗೆ ಹತ್ತು ದಿನ ಕೂರಿಸಿ ‘ಹೀಗೆ ಮಾತಾಡಮ್ಮಾ’ ಎಂದು ಹೇಳಿಕೊಡುವವರು ಒಬ್ಬರೂ ಇಲ್ಲ.

ಇನ್ನೊಂದು ಗುಂಪಿನ ಬಗ್ಗೆಯೂ ಬರೆಯಲೇಬೇಕು. ನನ್ನ ಹೆಂಡತಿಯ ತಂಗಿಯ ಮಗಳು ಜಿಎನ್‌ಎಂ ಮಾಡಿದ್ದಾಳೆ. ಮೂರು ವರ್ಷದ ಡಿಪ್ಲೊಮಾ. ನಮ್ಮ ಹಳ್ಳಿಗಳಲ್ಲಿ ನರ್ಸಿಂಗ್ ಎಂದರೆ ಹೆಚ್ಚಿನವರು ಸೇರುವುದು ಇದಕ್ಕೇ. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ, ಬೇಗ ಕೆಲಸ. ಅವಳ ಕೈ ನನ್ನ ಮಗಳ ಕೈಗಿಂತ ಚುರುಕು. ರಕ್ತನಾಳ ಸಿಗದ ಮುದುಕರಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಾಳೆ. ಆದರೆ ಸೇನೆಯ ಅರ್ಜಿ ಹಾಕುವಂತಿಲ್ಲ. ಮತ್ತೆ ಎರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿದರೆ ಮಾತ್ರ. ಅಧಿಕಾರಿ ಹುದ್ದೆಗೆ ಪದವಿ ಬೇಕು ಎನ್ನುವ ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಹೇಳುವುದಿಷ್ಟೇ, ಪಿಯುಸಿ ಮುಗಿಸಿದ ಮಗುವಿಗೆ ಸೇರುವ ಮೊದಲೇ ಈ ವ್ಯತ್ಯಾಸ ಯಾರಾದರೂ ತಿಳಿಸಬೇಕಿತ್ತು. ಮೂರು ವರ್ಷಕ್ಕೂ ನಾಲ್ಕು ವರ್ಷಕ್ಕೂ ಇರುವುದು ಒಂದು ವರ್ಷದ ವ್ಯತ್ಯಾಸ ಎಂದುಕೊಂಡು ಸೇರಿಸುತ್ತಾರೆ. ಆ ಒಂದು ವರ್ಷದ ಆಚೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿರುವುದಿಲ್ಲ.

ಹುಡುಗರಿಗಂತೂ ಇಲ್ಲಿ ಜಾಗವೇ ಇಲ್ಲ. ಎಂಎನ್‌ಎಸ್ ಪೂರ್ತಿ ಹೆಣ್ಣುಮಕ್ಕಳದ್ದು. ಮಗಳ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬ ‘ಅಂಕಲ್, ನಮಗೆ ಯಾಕಿಲ್ಲ?’ ಎಂದು ಬಸ್ಸಿನಲ್ಲಿ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡು ನರ್ಸ್‌ಗಳು ಈ ವಿಷಯಕ್ಕೆ ಕೋರ್ಟಿಗೂ ಹೋಗಿದ್ದಾರೆ. ಅವರ ಪತ್ರ ಅವರು ಬರೆಯಲಿ, ನೀವು ಪ್ರಕಟಿಸಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಸೇನೆಯವರನ್ನು ನಿಯಮ ಬದಲಿಸಿ ಎಂದು ಕೇಳುತ್ತಿಲ್ಲ. ನಮ್ಮ ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆಯನ್ನು ಕೇಳುತ್ತಿದ್ದೇನೆ. ಯಾವ ನರ್ಸಿಂಗ್ ಕಾಲೇಜೂ ಮಕ್ಕಳ ಮೂಲ ದಾಖಲೆ ಇಟ್ಟುಕೊಳ್ಳಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ, ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಕಾಲೇಜಿನ ಕಚೇರಿಯ ಗೋಡೆ ಮೇಲೆ ಹಾಕಿಸಿ. ಬಸ್ಸಿನಲ್ಲಿ ‘ಚಿಲ್ಲರೆ ಕೇಳಿ ಪಡೆಯಿರಿ’ ಎಂದು ಬರೆಸಿಲ್ಲವೇ? ಬರೆದಿರುವುದರಿಂದಲೇ ಜನ ನನ್ನನ್ನು ಜಬರ್ದಸ್ತಿ ಮಾಡಿ ಕೇಳುತ್ತಾರೆ. ಗೋಡೆ ಮೇಲೆ ಇದ್ದರೆ ನನ್ನಂಥ ಅಪ್ಪಂದಿರು ಬೆರಳು ತೋರಿಸಿ ಮಾತಾಡಬಹುದು. ತಪಾಸಣೆಗೆ ಬರುವ ಅಧಿಕಾರಿಗಳು ಪ್ರಯೋಗಾಲಯದ ಗೊಂಬೆ, ಹಾಸಿಗೆ ಎಣಿಸಿ ಹೋಗುತ್ತಾರೆ. ಹೋಗುವ ಮೊದಲು ಆ ಬೀರುವನ್ನೂ ಒಮ್ಮೆ ತೆಗೆಸಿ ನೋಡಲಿ.

ನೋಂದಣಿಯ ಬಗ್ಗೆಯೂ ಒಂದು ಮಾತು. ಕೊನೆಯ ವರ್ಷದ ಫಲಿತಾಂಶ ಬಂದ ಮೇಲೆ ವರ್ಷಕ್ಕೊಮ್ಮೆ ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಂಥ ಕಡೆ ಶಿಬಿರ ಮಾಡಿ ನೋಂದಣಿ ಮಾಡಿಕೊಟ್ಟರೆ ಬೆಂಗಳೂರಿನಿಂದ ದೂರ ಇರುವ ಮಕ್ಕಳಿಗೆ ಅನುಕೂಲ. ಸೇನೆಯ ಅರ್ಜಿಗೆ ಮಾತ್ರ ಅಲ್ಲ, ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೂ, ಹೊರದೇಶಕ್ಕೂ ಇದೇ ನೋಂದಣಿ ಬೇಕು.

ನಿಮ್ಮಲ್ಲಿ ನನ್ನ ವಿನಂತಿ ಬೇರೆ. ಮುಂದಿನ ಅಧಿಸೂಚನೆ ಬಂದ ದಿನವೇ ಉದ್ಯೋಗ ಪುಟದಲ್ಲಿ ಅದನ್ನು ಕನ್ನಡದಲ್ಲಿ ಹಾಕಿ. ಕೊನೆಯ ವಾರದಲ್ಲಲ್ಲ, ಮೊದಲ ದಿನವೇ. ಅರ್ಜಿ ಶುರುವಾಗುವುದಕ್ಕೆ ಮುಂಚೆ ಬೇಕಾದ ದಾಖಲೆಗಳನ್ನು ದಪ್ಪ ಅಕ್ಷರದಲ್ಲಿ ಕೊಡಿ. ಆ ದಿನದ ಪತ್ರಿಕೆ ನಾನು ಹತ್ತು ಪ್ರತಿ ಜಾಸ್ತಿ ಕೊಳ್ಳುತ್ತೇನೆ, ಬೆಳಗಿನ ಬಸ್ಸಿನಲ್ಲಿ ಸೊನ್ನೆ ಟಿಕೆಟ್ ಜೊತೆ ಹಂಚುತ್ತೇನೆ. ಮೇಲಧಿಕಾರಿಗಳು ಇದಕ್ಕೆ ಮೆಮೋ ಕೊಟ್ಟರೆ ಅದನ್ನೂ ನಿಮಗೇ ಕಳಿಸುತ್ತೇನೆ.

ಪತ್ರದ ಕೆಳಗೆ ನನ್ನ ಹೆಸರು, ಮೊಬೈಲ್ ನಂಬರ್ ನಿಮ್ಮ ಕಚೇರಿಗಾಗಿ ಬರೆದಿದ್ದೇನೆ. ದಯವಿಟ್ಟು ಪ್ರಕಟಿಸಬೇಡಿ. ನಾನು ಯಾರಿಗೂ ಹೆದರಿದವನಲ್ಲ. ಆದರೆ ಮಗಳ ನಡತೆ ಪ್ರಮಾಣಪತ್ರ ಇನ್ನೂ ಅದೇ ಕಾಲೇಜಿನಿಂದ ಬರಬೇಕಾಗಿದೆ, ಪ್ರಿನ್ಸಿಪಾಲರು ಸೋಮವಾರ ಬನ್ನಿ ಎಂದಿದ್ದಾರೆ.

ಇಂತಿ ನಿಮ್ಮ ಓದುಗ,
ಒಬ್ಬ ಬಸ್ ಕಂಡಕ್ಟರ್
ರಾಣೆಬೆನ್ನೂರು, ಹಾವೇರಿ ಜಿಲ್ಲೆ